ಅರವತ್ತಾದ ಮೇಲೆ ಮತ್ತೆ ಅ ಆ ಇ ಈ

2017ರ ಆಗಸ್ಟ್ 31ಕ್ಕೆ ನಾನು ಅಂಚೆ ಇಲಾಖೆಯಿಂದ ನಿವೃತ್ತನಾದೆ. 36 ವರ್ಷದ ಕೆಲಸ. ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಐದಕ್ಕೇ ಎಚ್ಚರವಾಯಿತು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಜಾರದಲ್ಲಿ ಕೂತೆ. ಹೆಂಡತಿ ಕಾಫಿ ತಂದವಳು, "ಎಲ್ಲಿಗ್ರೀ ಹೊರಟಿದ್ದು?" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಆಮೇಲಿನ ಮೂರು ತಿಂಗಳು ಚೆನ್ನಾಗಿರಲಿಲ್ಲ. ಒಂದೇ ಪೇಪರನ್ನು ಮೂರು ಸಲ ಓದುತ್ತಿದ್ದೆ. ಅಡುಗೆಮನೆಗೆ ಹೋಗಿ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಲೆಕ್ಕ ಹೇಳುತ್ತಿದ್ದೆ. ಸಂಜೆ ಪಾರ್ಕಿನಲ್ಲಿ ನನ್ನಂಥವರೇ ಏಳೆಂಟು ಜನ ಸೇರುತ್ತಿದ್ದರು. ಬೀಪಿ, ಶುಗರ್, ಡಿಎ ಎಷ್ಟು ಏರಿತು, ಇಷ್ಟೇ ಮಾತು. ಹೆಂಗಸರಿಗೆ ನೆರೆಹೊರೆ, ಭಜನೆ, ಬಂಧುಬಳಗ ಅಂತ ಹತ್ತು ಎಳೆ ಇರುತ್ತವೆ. ನಮ್ಮ ತಲೆಮಾರಿನ ಎಷ್ಟೋ ಗಂಡಸರಿಗೆ ಇರುವುದು ಆಫೀಸು ಒಂದೇ ಎಳೆ. ಅದು ಕಡಿದ ದಿನ ಮಾತೇ ನಿಂತುಹೋಗುತ್ತದೆ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

ಆ ವರ್ಷ ಡಿಸೆಂಬರಿನಲ್ಲಿ ಮೈಸೂರಿನಿಂದ ನೆಂಟರು ಬಂದಿದ್ದರು. ಅವರನ್ನು ಬೇಲೂರಿಗೆ ಕರೆದುಕೊಂಡು ಹೋದೆ. ನಮ್ಮ ಬೀದಿಯ ಮೇಷ್ಟ್ರೂ ಜೊತೆಗೆ ಬಂದರು. ಕಾಲೇಜಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು, ನನಗಿಂತ ಎಂಟು ವರ್ಷ ದೊಡ್ಡವರು. ನಾವಿರುವುದು ಹಾಸನದಲ್ಲಿ. ಬೇಲೂರಿಗೆ ನಾನು ಹತ್ತಾರು ಸಲ ಹೋಗಿದ್ದೇನೆ. ಪ್ರತಿ ಸಲವೂ ಮದನಿಕೆಯರನ್ನು ನೋಡಿದ್ದು, ಪ್ರಸಾದ ತಿಂದದ್ದು, ಬಂದದ್ದು. ಆವತ್ತು ಮೇಷ್ಟ್ರು ಆವರಣದಲ್ಲಿ ನಿಲ್ಲಿಸಿರುವ ಶಾಸನದ ಕಲ್ಲೊಂದರ ಮುಂದೆ ನಿಂತು ಬೆರಳಾಡಿಸುತ್ತಾ ಓದತೊಡಗಿದರು. ಸಾಲಿನಿಂದ ಸಾಲಿಗೆ, ಬರೆದ ಕಾಗದ ಓದಿದಷ್ಟು ಸಲೀಸಾಗಿ! ನಾನು ಬೆರಗಾಗಿ ನಿಂತುಬಿಟ್ಟೆ.

ಅವರು ಇನ್ನೊಂದು ಮಾತು ಹೇಳಿದರು. ವಿಷ್ಣುವರ್ಧನ ಈ ದೇವರನ್ನು ಪ್ರತಿಷ್ಠೆ ಮಾಡಿಸಿದ್ದು ಶಕ ವರ್ಷ 1039ರಲ್ಲಿ, ಹೇವಿಳಂಬಿ ಸಂವತ್ಸರ. ಶಕಕ್ಕೆ 78 ಕೂಡಿಸಿದರೆ ನಮ್ಮ ಲೆಕ್ಕದ ವರ್ಷ ಬರುತ್ತದೆ, ಅಂದರೆ 1117. "ಈ ವರ್ಷವೂ ಹೇವಿಳಂಬಿಯೇ. ಸರಿಯಾಗಿ 900 ವರ್ಷ. ಸಂವತ್ಸರದ ಚಕ್ರ ಹದಿನೈದು ಸುತ್ತು ಮುಗಿಸಿ ಮತ್ತೆ ಇಲ್ಲಿಗೇ ಬಂದಿದೆ" ಎಂದರು.

ನಾನು ಹುಟ್ಟಿದ್ದು 1957ರಲ್ಲಿ. ನನ್ನ ಜಾತಕದಲ್ಲಿ ಬರೆದಿರುವುದೂ ಹೇವಿಳಂಬಿ. ಅರವತ್ತು ತುಂಬಿದವನಿಗೆ ಹುಟ್ಟಿದ ಸಂವತ್ಸರ ತಿರುಗಿ ಬರುತ್ತದೆ ಅಂತ ನಮ್ಮ ಹಿರಿಯರು ಶಾಂತಿ ಮಾಡಿಸುತ್ತಿದ್ದರು, ಅಲ್ವಾ? ಆ ಕಲ್ಲಿನ ಮುಂದೆ ನನಗೆ ಅದು ನೆನಪಾಯಿತು. ವಾಪಸು ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ. "ಮೇಷ್ಟ್ರೇ, ಈ ವಯಸ್ಸಿನಲ್ಲಿ ಇದನ್ನ ಕಲಿಯೋಕಾಗುತ್ತಾ?" ಅವರು ನಕ್ಕರು. "ಪೋಸ್ಟ್ ಮಾಸ್ಟ್ರೇ, ನೀವು ಜೀವಮಾನವಿಡೀ ಎಂಥೆಂಥಾ ಕೈಬರಹದ ವಿಳಾಸ ಓದಿದ್ದೀರಿ. ನಿಮಗಲ್ಲದೆ ಇನ್ಯಾರಿಗೆ ಆಗುತ್ತೆ?"

ಮಾರನೇ ವಾರವೇ ಶುರು. 200 ಪುಟದ ಉದ್ದ ನೋಟ್ ಪುಸ್ತಕ ತರಲು ಹೇಳಿದರು. ಎಡಗಡೆ ಇವತ್ತಿನ ಅಕ್ಷರ. ಬಲಕ್ಕೆ ಒಂದೊಂದು ಶತಮಾನಕ್ಕೆ ಒಂದೊಂದು ಮನೆ. ಮೇಷ್ಟ್ರ ಉಪದೇಶ ಒಂದೇ: ಹಿಂದಕ್ಕೆ ನಡೆಯಿರಿ. ಐದನೇ ಶತಮಾನದಿಂದ ಶುರು ಮಾಡಿದರೆ ಮೊದಲ ದಿನವೇ ಕೈಬಿಡುತ್ತೀರಿ. ವಿಜಯನಗರದ ಕಾಲದ ಅಕ್ಷರ ಇವತ್ತಿನದಕ್ಕೆ ಬಹಳ ಹತ್ತಿರ. ಅಲ್ಲಿಂದ ಹೊಯ್ಸಳ, ಅಲ್ಲಿಂದ ಗಂಗರು, ರಾಷ್ಟ್ರಕೂಟರು, ಹೀಗೆ ಮೆಟ್ಟಿಲು ಇಳಿದಂತೆ ಇಳಿಯಬೇಕು. ಒಂದೊಂದು ಅಕ್ಷರವೂ ಸ್ವಲ್ಪ ಸ್ವಲ್ಪವೇ ವೇಷ ಬದಲಿಸುತ್ತಾ ಹೋಗುವುದು ಕಾಣುತ್ತದೆ. ದಿನಕ್ಕೆ ಎರಡು ಅಕ್ಷರ, ನೂರು ಸಲ ತಿದ್ದುವುದು. ಮೊಮ್ಮಗಳು ಒಂದು ಕಡೆ ಕಾಪಿ ಬರೆದರೆ ನಾನು ಇನ್ನೊಂದು ಕಡೆ.

ಹೊಯ್ಸಳರ ಅಕ್ಷರ ನೋಡಲು ಬಲು ಚೆಂದ. ಬಳ್ಳಿಯ ಹಾಗೆ ಸುತ್ತಿ ಸುತ್ತಿ ಬರೆದಿರುತ್ತಾರೆ. ಓದಲು ಮಾತ್ರ ತಾಳ್ಮೆ ಬೇಕು. 'ಮ' ಮತ್ತು 'ವ' ಅವಳಿ ಮಕ್ಕಳಂತೆ. ಎ, ಏ ಎರಡಕ್ಕೂ ಒಂದೇ ಗುರುತು. ಒ, ಓ ಕೂಡ ಹಾಗೇ. ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಎಲ್ಲಿ ಕಡಿಯಬೇಕು ಎನ್ನುವುದು ಓದುವವನಿಗೇ ತಿಳಿಯಬೇಕು. ಇದರ ಮೇಲೆ ಈಗ ಬಳಕೆಯಲ್ಲಿಲ್ಲದ ೞ ಮತ್ತು ಱ.

ಇಲ್ಲಿ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟರು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬಹಳಷ್ಟು ಶಾಸನಗಳು ಒಂದೇ ಶ್ಲೋಕದಿಂದ ಶುರುವಾಗುತ್ತವೆ: "ನಮಸ್ತುಂಗ ಶಿರಶ್ಚುಂಬಿ ಚಂದ್ರಚಾಮರ ಚಾರವೇ, ತ್ರೈಲೋಕ್ಯ ನಗರಾರಂಭ ಮೂಲಸ್ತಂಭಾಯ ಶಂಭವೇ." ಬಾಣಕವಿಯ ಹರ್ಷಚರಿತದ ಮೊದಲ ಶ್ಲೋಕವಂತೆ ಇದು. ಕೊನೆಯಲ್ಲಿ ಶಾಪದ ಶ್ಲೋಕ. ತಾನು ಕೊಟ್ಟದ್ದಾಗಲಿ, ಇನ್ನೊಬ್ಬರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಸಿದವನು 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎಂದು. ಈ ಎರಡನ್ನೂ ಬಾಯಿಪಾಠ ಮಾಡಿದೆ. ಆಮೇಲೆ ಕಲ್ಲಿನ ಮುಂದೆ ನಿಂತು ಬಾಯಲ್ಲಿ ಶ್ಲೋಕ ಹೇಳುತ್ತಾ ಕಣ್ಣಲ್ಲಿ ಅಕ್ಷರ ಹುಡುಕುವುದು. ಒಂದು ಶ್ಲೋಕದಲ್ಲೇ ಹತ್ತಿಪ್ಪತ್ತು ಅಕ್ಷರ ಸಿಕ್ಕಿಬಿಡುತ್ತವೆ. ಅವನ್ನೇ ಹಿಡಿದು ಮುಂದಿನ ಸಾಲಿಗೆ ಹೋಗಬಹುದು.

ನಾನು ಮೊದಲು ಯಾರ ಸಹಾಯವೂ ಇಲ್ಲದೆ ಓದಿದ್ದು ಶ್ರವಣಬೆಳಗೊಳದಲ್ಲಿ. ಮಹಾಮಸ್ತಕಾಭಿಷೇಕದ ಜನಸಂದಣಿಯೆಲ್ಲಾ ಮುಗಿದ ಮೇಲೆ, 2018ರ ನವೆಂಬರಿನಲ್ಲಿ. 600ಕ್ಕೂ ಜಾಸ್ತಿ ಮೆಟ್ಟಿಲು. ಐದು ಕಡೆ ಕೂತು ಹತ್ತಿದೆ. ಬಾಹುಬಲಿಯ ಪಾದದ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಇದೆ: "ಶ್ರೀ ಚಾಮುಂಡರಾಜಂ ಮಾಡಿಸಿದಂ." ಇನ್ನೊಂದು ಸಾಲು, "ಶ್ರೀ ಗಂಗರಾಜ ಸುತ್ತಾಲಯವಂ ಮಾಡಿಸಿದ." ಮೂರ್ತಿ ಮಾಡಿಸಿದವನು ಗಂಗರ ಮಂತ್ರಿ ಚಾವುಂಡರಾಯ. ಸುತ್ತಾಲಯ ಕಟ್ಟಿಸಿದ ಗಂಗರಾಜ ವಿಷ್ಣುವರ್ಧನನ ದಂಡನಾಯಕ. ಇಬ್ಬರ ನಡುವೆ ಸುಮಾರು 130 ವರ್ಷ. ಅಷ್ಟು ದೊಡ್ಡ ಕೆಲಸ ಮಾಡಿ ಇಬ್ಬರೂ ಅಲ್ಲಿ ಕನ್ನಡದಲ್ಲಿ ಬರೆಸಿದ್ದು ತಲಾ ಒಂದು ಸಾಲು! ಒಂದೊಂದೇ ಅಕ್ಷರ ಕೂಡಿಸಿ "ಮಾ… ಡಿ… ಸಿ… ದಂ" ಎಂದು ಓದಿ ಮುಗಿಸಿದಾಗ ಕಣ್ಣು ತುಂಬಿ ಬಂತು. ಆರು ವರ್ಷದವನಿದ್ದಾಗ ಬಸ್ಸಿನ ಬೋರ್ಡು ಮೊದಲ ಸಲ ಓದಿದ ಸಂತೋಷ ಮತ್ತೆ ಸಿಕ್ಕಿತು.

ಆ ಊರಿನ ಶಾಸನಗಳಿಗೇ ಒಂದು ಇಡೀ ಸಂಪುಟವಿದೆ. ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿದ ವಿದ್ವಾಂಸ ಬಿ.ಎಲ್. ರೈಸ್ 1889ರಲ್ಲಿ ಅಲ್ಲಿನ 144 ಶಾಸನ ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅದು 500 ಆಯಿತು. ರೈಸ್ ಅವರ ಶಾಸನ ಸಂಪುಟಗಳ ಮಾಲೆ 'ಎಪಿಗ್ರಾಫಿಯಾ ಕರ್ನಾಟಿಕ'ದಲ್ಲಿ ನಮ್ಮ ಹಾಸನ ಜಿಲ್ಲೆಯದು ಐದನೇ ಸಂಪುಟ, 1902ರದು. ಹಳೆಯ ಸಂಪುಟಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಮಗಳು ಟ್ಯಾಬ್‌ಗೆ ಹಾಕಿಕೊಟ್ಟಳು. ತಾಲ್ಲೂಕಿನ ಹೆಸರು, ಅದರ ಮುಂದೆ ನಂಬರು. ಹಳ್ಳಿಯ ಹೆಸರು ಹುಡುಕಿದರೆ ಆ ಊರಿನಲ್ಲಿ ಯಾವ ಕಲ್ಲು ಎಲ್ಲಿ ನಿಂತಿದೆ ಅನ್ನುವುದೂ ಸಿಗುತ್ತದೆ: ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ, ಇಂಥವರ ಹೊಲದಲ್ಲಿ. ಆ ಕಾಲದಲ್ಲಿ ಇದನ್ನೆಲ್ಲ ಊರೂರು ಸುತ್ತಿ ಬರೆದುಕೊಂಡವರನ್ನು ನೆನೆದರೆ ನನಗೆ ನಮ್ಮ ಹಳೆಯ ಪೋಸ್ಟ್‌ಮ್ಯಾನ್‌ಗಳೇ ಕಣ್ಣ ಮುಂದೆ ಬರುತ್ತಾರೆ.

ನಮ್ಮ ಪದ್ಧತಿ ಹೀಗೆ. ಮೊದಲು ಪುಸ್ತಕ ನೋಡದೆ ಕಲ್ಲನ್ನು ಓದುವುದು. ತಿಳಿದಷ್ಟು ಬರೆದುಕೊಳ್ಳುವುದು. ಮನೆಗೆ ಬಂದು ಸಂಪುಟದ ಪಾಠದ ಜೊತೆ ಹೋಲಿಸುವುದು. ತಪ್ಪಾದ ಕಡೆ ಕೆಂಪು ಇಂಕು. ಮೊದಲ ವರ್ಷ ನನ್ನ ನೋಟ್ ಪುಸ್ತಕದಲ್ಲಿ ನೀಲಿಗಿಂತ ಕೆಂಪೇ ಜಾಸ್ತಿ. ಅದರಿಂದ ಬೇಸರ ಆಗಲಿಲ್ಲ. ಯಾವ ಅಕ್ಷರ ನನ್ನನ್ನು ಪದೇ ಪದೇ ಏಮಾರಿಸುತ್ತಿದೆ ಅಂತ ಆ ಕೆಂಪೇ ತೋರಿಸಿತು.

ಒಂದು ತಪ್ಪನ್ನು ವಿವರವಾಗಿ ಹೇಳುತ್ತೇನೆ, ಕಲಿಯುವವರಿಗೆ ಉಪಯೋಗ. ಒಂದು ಹಳ್ಳಿಯ ದಾನದ ಕಲ್ಲಿನಲ್ಲಿ ಶಕ ವರ್ಷವನ್ನು ೧೧೯೧ ಎಂದು ಓದಿದೆ. 78 ಕೂಡಿಸಿ 1269 ಎಂದು ಬರೆದೂ ಆಯಿತು. ಮೇಷ್ಟ್ರು ನೋಡಿ, "ಸಂವತ್ಸರ ಯಾವುದು?" ಎಂದರು. ವಿಕಾರಿ ಎಂದು ಕಲ್ಲಿನಲ್ಲಿ ಸ್ಪಷ್ಟವಾಗಿತ್ತು. "ಬೇಲೂರಿನ ಲೆಕ್ಕ ಮರೆತಿರಾ? ಶಕ 1039 ಹೇವಿಳಂಬಿ. ಮುಂದಿನದು ವಿಳಂಬಿ, ಅದರ ಮುಂದಿನದು ವಿಕಾರಿ, ಅಂದರೆ 1041. ಅದಕ್ಕೆ ಅರವತ್ತರಂತೆ ಕೂಡಿಸುತ್ತಾ ಬನ್ನಿ." 1101, 1161, 1221. ಎಲ್ಲೂ 1191 ಬರುವುದಿಲ್ಲ. ಮಾರನೇ ದಿನ ಬಸ್ಸು ಹತ್ತಿ ಮತ್ತೆ ಹೋಗಿ ನೋಡಿದೆ. ಸವೆದ ೬ ನನ್ನ ಕಣ್ಣಿಗೆ ೯ ಆಗಿತ್ತು. ಸರಿಯಾದದ್ದು ೧೧೬೧, ಅಂದರೆ 1239. ಮೂವತ್ತು ವರ್ಷ ತಪ್ಪಿದ್ದೆ! ಅಂದಿನಿಂದ ಅಂಕಿ ಮತ್ತು ಸಂವತ್ಸರ ಒಂದನ್ನೊಂದು ಒಪ್ಪುವ ತನಕ ನಾನು ವರ್ಷ ಬರೆಯುವುದಿಲ್ಲ. ಅಂಚೆ ಮೊಹರಿನ ತಾರೀಕು ಮಸುಕಾಗಿದ್ದರೆ ನಾವು ಬೇರೆ ಗುರುತು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದೆವಲ್ಲ, ಅದೇ ಶಿಸ್ತು.

ನಡುವೆ ಕಣ್ಣಿನ ಪೊರೆ ತೆಗೆಸಿಕೊಂಡೆ. 2020 ಮತ್ತು 2021ರಲ್ಲಿ ಹೆಚ್ಚು ಕಾಲ ಮನೆಯಲ್ಲೇ ಕೂತು ಹಳೆಯ ಪಡಿಯಚ್ಚಿನ, ಅಂದರೆ ಕಲ್ಲಿನ ಮೇಲೆ ಕಾಗದ ಹಾಸಿ ಮಸಿ ಒತ್ತಿ ತೆಗೆದ ಪ್ರತಿಯ, ಫೋಟೋಗಳನ್ನು ಓದಿದ್ದು. ಆ ದಿನಗಳನ್ನು ಈ ಅಭ್ಯಾಸವೇ ದಾಟಿಸಿತು.

ಇನ್ನು ಬೆಳಕಿನ ವಿಷಯ. ಇದನ್ನು ತಿಳಿದ ಮೇಲೆ ನನಗೆ ಕಲ್ಲು ನೋಡುವ ರೀತಿಯೇ ಬದಲಾಯಿತು. ಬಿಸಿಲು ನೇರ ಬಿದ್ದರೆ ಅಕ್ಷರ ಕಾಣುವುದಿಲ್ಲ. ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವ ಓರೆ ಬಿಸಿಲು ಬೇಕು. ಆಗ ಪ್ರತಿ ಗೀರಿನಲ್ಲೂ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕಲ್ಲನ್ನು ಬೆಳಿಗ್ಗೆ ಎಂಟಕ್ಕೆ ನೋಡಿ ಪ್ರಯೋಜನವಿಲ್ಲ. ಹನ್ನೊಂದೂವರೆ ಹೊತ್ತಿಗೆ ಹೋಗಬೇಕು. ಬಿಸಿಲೇ ಬೀಳದ ಕಡೆ ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸುತ್ತೇವೆ. ಕನ್ನಡಿ ಹಿಡಿಯುವ ಕೆಲಸ ನನ್ನ ಹೆಂಡತಿಯದು. ಮೊದಲು ಜೊತೆಗಿರಲಿ ಅಂತ ಬಂದವಳು, ಈಗ "ರೀ, ಅದು 'ವ' ಅಲ್ಲ, 'ಮ'" ಎಂದು ನನ್ನನ್ನೇ ತಿದ್ದುತ್ತಾಳೆ. ಸುಣ್ಣ ಬಳಿಯುವುದು, ಸೀಮೆಸುಣ್ಣ ತುಂಬುವುದು, ಎಣ್ಣೆ ಸವರುವುದು ಖಂಡಿತ ಬೇಡ. ತಂತಿ ಬ್ರಷ್ ಅಂತೂ ಹತ್ತಿರ ತರಬಾರದು. ಎಂಟುನೂರು ವರ್ಷ ಮಳೆ ಗಾಳಿ ತಡೆದ ಅಕ್ಷರ ನಮ್ಮ ಕೈಯಲ್ಲಿ ಸವೆಯುವುದು ಬೇಡ.

ಈಗ ನಮ್ಮ ಊರಿನ ಕಲ್ಲಿಗೆ ಬರುತ್ತೇನೆ. ನಮ್ಮ ಮೂಲದ ಊರು ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ. ಜಮೀನು ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತಾನೆ. ಕೆರೆ ಏರಿಯ ಕೆಳಗೆ ಒಂದು ವೀರಗಲ್ಲಿದೆ. ಚಿಕ್ಕಂದಿನಲ್ಲಿ ನಾವು ಅದರ ಮೇಲೆ ಹತ್ತಿ ಜಿಗಿಯುತ್ತಿದ್ದೆವು. ಊರಿನವರು ಈರಪ್ಪನ ಕಲ್ಲು ಅನ್ನುತ್ತಾರೆ. ಮೂರು ಪಟ್ಟಿಕೆ. ಕೆಳಗೆ ಕಾದಾಟ, ಹಸುಗಳ ಸಾಲು. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವೆ ಅಕ್ಷರ ಇದೆ ಅನ್ನುವುದು 60 ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಐದನೇ ಸಂಪುಟದಲ್ಲಿ ಹುಡುಕಿದೆವು. ನಮಗೆ ಸಿಗಲಿಲ್ಲ.

2022ರ ಜನವರಿಯಲ್ಲಿ ಪಡಿಯಚ್ಚು ತೆಗೆಯಲು ಹೋದೆವು. ಸಂರಕ್ಷಿತ ಸ್ಮಾರಕಗಳಲ್ಲಿ ಇದಕ್ಕೆ ಅನುಮತಿ ಬೇಕು. ಇದು ಊರಿನ ಕಲ್ಲು, ಊರಿನ ಹಿರಿಯರನ್ನು ಕೇಳಿಕೊಂಡೆವು. ಒಬ್ಬರು ಅಜ್ಜಿ ಮೊದಲು ಪೂಜೆ ಆಗಲಿ ಎಂದರು. ಆಯಿತು. ಆಮೇಲೆ ಕೆಲಸ. ನೀರು ಹಾಕಿ ಮೆತ್ತನೆ ಬ್ರಷ್ಷಿನಿಂದ ಪಾಚಿ, ಮಣ್ಣು ತೆಗೆದೆವು. ಮೇಷ್ಟ್ರು ಮ್ಯಾಪ್‌ಲಿಥೋ ಕಾಗದವನ್ನು ನೀರಿನಲ್ಲಿ ನೆನೆಸಿ ಕಲ್ಲಿನ ಮೇಲೆ ಹರಡಿದರು. ಗಾಳಿ ಇರಬಾರದು, ಅದೇ ದೊಡ್ಡ ಶತ್ರು. ಎರಡು ಹಾಳೆ ಹರಿದವು, ಮೂರನೆಯದು ಕೂತಿತು. ಬಿರುಸಾದ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ತಟ್ಟುತ್ತಾ ಹೋಗಬೇಕು. ಕಾಗದ ಪ್ರತಿ ಗೀರಿನೊಳಗೂ ಇಳಿಯುವ ತನಕ. ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ಅರ್ಧ ಒಣಗುವವರೆಗೂ ಕಾಯಬೇಕು. ಹಸಿ ಇದ್ದರೆ ಮಸಿ ಹರಡುತ್ತದೆ, ಪೂರ್ತಿ ಒಣಗಿದರೆ ಕಾಗದ ಬಿಟ್ಟುಕೊಳ್ಳುತ್ತದೆ. ಆಮೇಲೆ ಬಟ್ಟೆಯ ಉಂಡೆಗೆ ಕರಿ ಮಸಿ ಹಚ್ಚಿ ಹಗುರವಾಗಿ ಒತ್ತುವುದು.

ಆ ಒತ್ತುವ ಕೆಲಸವನ್ನು ಮೇಷ್ಟ್ರು ನನಗೆ ಬಿಟ್ಟರು. 36 ವರ್ಷ ಮೊಹರು ಒತ್ತಿದ ಕೈ, ಎಷ್ಟು ಭಾರ ಬಿಡಬೇಕು ಅಂತ ಗೊತ್ತು. ಕಪ್ಪು ಹರಡುತ್ತಾ ಹೋಯಿತು. ಗೀರುಗಳಲ್ಲಿ ಮಸಿ ಇಳಿಯುವುದಿಲ್ಲ, ಅವು ಬಿಳಿಯಾಗಿಯೇ ಉಳಿಯುತ್ತವೆ. ಕಪ್ಪಿನೊಳಗಿಂದ ಒಂದೊಂದೇ ಬಿಳಿ ಅಕ್ಷರ ಹೊರಗೆ ಬಂತು. ಸುತ್ತ ನಿಂತಿದ್ದ ಹುಡುಗರೆಲ್ಲ ಗಪ್‌ಚಿಪ್.

ಶಕ ವರ್ಷ ಇದ್ದ ಕಡೆ ಕಲ್ಲು ಚಕ್ಕೆ ಎದ್ದಿದೆ. ಅಕ್ಷರದ ರೂಪ ನೋಡಿ 12 ಅಥವಾ 13ನೇ ಶತಮಾನ ಎಂದು ಮೇಷ್ಟ್ರು ಹೇಳಿದರು. "ತುಱುವಂ ಮಗುಳ್ಚಿ" ಎನ್ನುವುದನ್ನು ನಾನೇ ಓದಿದೆ. ತುಱು ಅಂದರೆ ಹಸು. ಕಳ್ಳರು ಹೊಡೆದುಕೊಂಡು ಹೋದ ಹಸುಗಳನ್ನು ವಾಪಸು ತಿರುಗಿಸಿದ. "ಕಾದಿ ಸುರಲೋಕ ಪ್ರಾಪ್ತನಾದ." ಕಾದಾಡಿ ಸತ್ತ. ಅದರ ಕೆಳಗಿನ ಸಾಲು ನನಗೆ ಅರ್ಥವಾಗಲಿಲ್ಲ. ಮೇಷ್ಟ್ರು ನಿಧಾನವಾಗಿ ಓದಿದರು. "ನೆತ್ತರುಗೊಡಗೆ." ಊರಿಗಾಗಿ ನೆತ್ತರು ಸುರಿಸಿದವನ ಮನೆಯವರಿಗೆ ಕೊಡುವ ಭೂಮಿ. "ಕೊಡಗೆ, ಕೊಡಗಿ, ಎರಡೂ ಒಂದೇ. ಹಾಗೆ ಕೊಟ್ಟ ಜಮೀನು" ಎಂದು ವಿವರಿಸುತ್ತಿದ್ದರು.

ಹಿಂದೆ ನಿಂತಿದ್ದ ನನ್ನ ತಮ್ಮ ತಟ್ಟನೆ ಕೇಳಿದ. "ಅಣ್ಣಯ್ಯ, ಹಂಗಾದ್ರೆ ತೂಬಿನ ಕೆಳಗಿನ ಕೊಡಗಿ ಗದ್ದೆ?"

ಯಾರೂ ಮಾತಾಡಲಿಲ್ಲ. ತೂಬಿನ ಕೆಳಗಿರುವ ಆ ಗದ್ದೆಯನ್ನು ನಮ್ಮಪ್ಪ, ನಮ್ಮಜ್ಜ ಎಲ್ಲರೂ ಕೊಡಗಿ ಗದ್ದೆ ಅಂತಲೇ ಕರೆದದ್ದು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದೇ ಈ ಗದ್ದೆ ಎಂದು ಹೇಳಲು ಆಧಾರ ಸಾಲದು ಎಂದು ಮೇಷ್ಟ್ರು ಎಚ್ಚರಿಸಿದರು. ಅದು ಸರಿಯೇ. ಆದರೆ ಆ ಪದ ಮಾತ್ರ ಕಲ್ಲಿನಲ್ಲೂ ನನ್ನ ತಮ್ಮನ ಬಾಯಲ್ಲೂ ಒಂದೇ ಆಗಿತ್ತು. ಕಲ್ಲಿನಲ್ಲಿ ಓದುವವರಿಲ್ಲದೆ ಅದು ಉಳಿದಿತ್ತು. ಬಾಯಲ್ಲಿ ಅರ್ಥ ತಿಳಿಯದೆ ಉಳಿದಿತ್ತು.

ಪಡಿಯಚ್ಚಿನ ಫೋಟೋ ಮತ್ತು ಕಲ್ಲು ಇರುವ ಜಾಗದ ವಿವರವನ್ನು ಮೇಷ್ಟ್ರು ಪುರಾತತ್ವ ಇಲಾಖೆಗೆ ಕಳಿಸಿದರು. ಊರಿನ ಹುಡುಗರು ಕಲ್ಲಿನ ಸುತ್ತ ಪೊದೆ ಕಡಿದು ಕಟ್ಟೆ ಹಾಕಿದರು. ಈಗ ಅದರ ಮೇಲೆ ಹತ್ತಿ ಜಿಗಿಯಲು ಯಾವ ಮಗುವನ್ನೂ ಬಿಡುವುದಿಲ್ಲ.

ನನ್ನ ಪಾರ್ಕಿನ ಗೆಳೆಯರಲ್ಲೂ ಬದಲಾವಣೆ ಆಯಿತು. ಒಬ್ಬರು ಹಾರ್ಮೋನಿಯಂ ಕಲಿಯುತ್ತಿದ್ದಾರೆ. ಕೆಇಬಿಯಲ್ಲಿದ್ದ ಒಬ್ಬರು ಬೆಳಿಗ್ಗೆ ಕೆರೆ ಹತ್ತಿರ ಹಕ್ಕಿ ಎಣಿಸಲು ಹೋಗುತ್ತಾರೆ. ಇಬ್ಬರು ನಮ್ಮ ಜೊತೆ ಶಾಸನಕ್ಕೆ ಬರುತ್ತಾರೆ. ತಿಂಗಳಿಗೆ ಎರಡು ಭಾನುವಾರ, ಬುತ್ತಿ ಕಟ್ಟಿಕೊಂಡು ಒಂದು ಊರು. ಹೆಚ್ಚಿನ ಖರ್ಚಿಲ್ಲ. ಬಸ್ ಚಾರ್ಜು, ಟೋಪಿ, ನೀರಿನ ಬಾಟಲಿ, ಪೊದೆ ಇರುವ ಕಡೆ ಹಾವಿನ ಭಯಕ್ಕೆ ಒಂದು ಕೋಲು. ಒಬ್ಬರೇ ಹೋಗಬೇಡಿ. ಗುರು ಸಿಗದಿದ್ದರೆ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ತರಗತಿ ನಡೆಸುತ್ತದೆ, ವಯಸ್ಸಾದವರೂ ಕಲಿಯಬಹುದು. ಅಲ್ಲಿಗೆ ಹೋಗಲಾಗದವರು ಸುಮ್ನೆ ತಮ್ಮೂರಿನ ದೇವಸ್ಥಾನದ ಮುಂದಿನ ಕಲ್ಲಿನಿಂದಲೇ ಶುರು ಮಾಡಬಹುದು.

ನಮ್ಮ ಊರಿನ ವೀರನ ಹೆಸರು ಪೂರ್ತಿ ಸಿಕ್ಕಿಲ್ಲ. ಮೊದಲ ಅಕ್ಷರ 'ಮಾ' ಮಾತ್ರ ಖಚಿತ. ಮುಂದಿನದು ಸವೆದಿದೆ. ಮಾಚ ಇರಬೇಕು ಎಂದು ಒಬ್ಬರು, ಮಾರ ಎಂದು ಇನ್ನೊಬ್ಬರು, ಮಾದ ಎಂದು ಮತ್ತೊಬ್ಬರು. ಪ್ರತಿಯೊಬ್ಬರಿಗೂ ಅವನು ತಮ್ಮ ಮನೆಯವನೇ ಆಗಬೇಕೆಂಬ ಆಸೆ. ಮೇಷ್ಟ್ರು ನನ್ನ ನೋಟ್ ಪುಸ್ತಕದಲ್ಲಿ 'ಮಾ' ಬರೆದು ಮುಂದೆ ಚುಕ್ಕಿ ಇಟ್ಟರು. ಓದಲಾಗದ ಅಕ್ಷರಕ್ಕೆ ಚುಕ್ಕಿ ಇಡಬೇಕು, ಊಹೆ ಬರೆಯಬಾರದು.

ಮೊನ್ನೆ ಮತ್ತೆ ಹೋಗಿದ್ದೆ. ಮೋಡ ಇತ್ತು. ಆ ಕಲ್ಲು ಪೂರ್ವಕ್ಕೆ ಮುಖ ಮಾಡಿದೆ. ಹನ್ನೊಂದೂವರೆಗೆ ಹತ್ತು ನಿಮಿಷ ಮೋಡ ಸರಿದು ಬಿಸಿಲು ಕಲ್ಲಿನ ಮೈ ಸವರಿಕೊಂಡು ಇಳಿಯಿತು. 'ಮಾ' ಪಕ್ಕದಲ್ಲಿ ಒಂದು ಸಣ್ಣ ಕೊಂಡಿಯ ನೆರಳು ಕಂಡ ಹಾಗಾಯಿತು. ಹೆಂಡತಿಯನ್ನು ಕೂಗಿ ಕನ್ನಡಿ ಹಿಡಿಯಲು ಹೇಳುವಷ್ಟರಲ್ಲಿ ಮತ್ತೆ ಮೋಡ ಕವಿಯಿತು. ಬರುವ ಭಾನುವಾರ ಮೇಷ್ಟ್ರನ್ನೂ ಕರೆದುಕೊಂಡು ಹೋಗುತ್ತೇವೆ.